ಅಮೆರಿಕದ ದೂರಪ್ರಯಾಣದ ರೈಲುಗಳನ್ನು ಮುಳುಗಿಸಿದ್ದು ಕಾರು ಕಂಪನಿಗಳೇ?

ಹಳೆಯ ಕಪ್ಪುಬಿಳುಪು ಫೋಟೋ. ಹೊಗೆ ಬಿಡುತ್ತ ನಿಂತ ರೈಲು, ಪ್ಲಾಟ್‌ಫಾರ್ಮಿನಲ್ಲಿ ಹ್ಯಾಟು ತೊಟ್ಟ ಜನ. ಕೆಳಗೆ ನಾಲ್ಕು ಸಾಲು: “ಒಂದು ಕಾಲದಲ್ಲಿ ಅಮೆರಿಕದ ಊರೂರಿಗೂ ರೈಲಿತ್ತು. ಕಾರು ಕಂಪನಿಗಳು ಒಟ್ಟಾಗಿ ರೈಲುಗಳನ್ನು ಕೊಂಡು ಹಳಿ ಕಿತ್ತು ಹಾಕಿದವು. ಇವತ್ತು ಅಲ್ಲಿ ಕಾರಿಲ್ಲದೆ ಹಾಲು ತರುವುದಕ್ಕೂ ಆಗುವುದಿಲ್ಲ. ಎಲ್ಲರಿಗೂ ತಲುಪಿಸಿ.” ಇದೇ ಧಾಟಿಯ ಸಂದೇಶ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರಬಹುದು. ಅದಕ್ಕೆ ಇನ್ನೊಬ್ಬರು ಕೊಡುವ ಉತ್ತರವೂ ಗೊತ್ತಿದ್ದದ್ದೇ: “ಪಿತೂರಿ ಗಿತೂರಿ ಏನೂ ಇಲ್ಲ. ಕಾರು ಬಂತು, ವಿಮಾನ ಬಂತು, ಜನರಿಗೆ ರೈಲು ಬೇಡವಾಯಿತು, ಅಷ್ಟೇ.”

ಈ ಎರಡೂ ಮಾತುಗಳನ್ನು ನಾವು ಒರೆಗೆ ಹಚ್ಚಿ ನೋಡಿದೆವು. ಮೊದಲನೆಯದು ಬೇರೊಂದು ಕಥೆಯನ್ನು ತಂದು ಇಲ್ಲಿಗೆ ಅಂಟಿಸುತ್ತದೆ. ಎರಡನೆಯದು ಅರ್ಧ ಕಥೆಯನ್ನಷ್ಟೇ ಹೇಳುತ್ತದೆ. ನಡೆದದ್ದೇನು ಎಂಬುದನ್ನು ಒಂದೊಂದಾಗಿ ನೋಡೋಣ.

ಕಾರು ಕಂಪನಿಗಳ ಕಥೆ ಎಲ್ಲಿಂದ ಬಂತು?

ಬೆಂಕಿಯಿಲ್ಲದೆ ಹೊಗೆಯಾಡುವುದಿಲ್ಲ. 1930 ಮತ್ತು 40ರ ದಶಕಗಳಲ್ಲಿ ನ್ಯಾಷನಲ್ ಸಿಟಿ ಲೈನ್ಸ್ ಎಂಬ ಕಂಪನಿ ಅಮೆರಿಕದ ಹಲವು ನಗರಗಳ ಟ್ರಾಮ್ ಸಂಸ್ಥೆಗಳನ್ನು ಕೊಂಡುಕೊಂಡಿತು. ಜನರಲ್ ಮೋಟಾರ್ಸ್, ಫೈರ್‌ಸ್ಟೋನ್ ಟೈರ್, ಸ್ಟ್ಯಾಂಡರ್ಡ್ ಆಯಿಲ್ ಆಫ್ ಕ್ಯಾಲಿಫೋರ್ನಿಯಾ ಮುಂತಾದ ಕಂಪನಿಗಳು ಅದರಲ್ಲಿ ಹಣ ಹೂಡಿದ್ದವು. ಎಷ್ಟೋ ಕಡೆ ಟ್ರಾಮ್ ಹೋಗಿ ಬಸ್ ಬಂತು. 1949ರಲ್ಲಿ ಶಿಕಾಗೋದ ಫೆಡರಲ್ ನ್ಯಾಯಾಲಯದಲ್ಲಿ ಈ ಕಂಪನಿಗಳು ತಪ್ಪಿತಸ್ಥರೆಂದು ತೀರ್ಮಾನವಾಯಿತು. ಪ್ರತಿ ಕಂಪನಿಗೆ ಬಿದ್ದ ದಂಡ 5,000 ಡಾಲರ್. ಜನರಲ್ ಮೋಟಾರ್ಸ್‌ನ ಒಬ್ಬ ಅಧಿಕಾರಿಗೆ ಬಿದ್ದದ್ದು ಬರೀ 1 ಡಾಲರ್.

ಆದರೆ ಇಲ್ಲಿ ಎರಡು ವಿಷಯ ಗಮನಿಸಬೇಕು. ಒಂದು, ನ್ಯಾಯಾಲಯ ಹಿಡಿದ ತಪ್ಪು ಈ ಸಂಸ್ಥೆಗಳಿಗೆ ಬಸ್, ಇಂಧನ, ಟೈರ್ ಮಾರುವ ವ್ಯಾಪಾರವನ್ನು ತಮ್ಮಲ್ಲೇ ಉಳಿಸಿಕೊಳ್ಳಲು ಮಾಡಿದ ಒಳಸಂಚು. “ಟ್ರಾಮ್ ನಾಶ ಮಾಡಿದರು” ಎಂಬುದಕ್ಕಲ್ಲ. ಎರಡು, ಅದು ನಗರದೊಳಗಿನ ಟ್ರಾಮುಗಳ ಮಾತು. ನ್ಯೂಯಾರ್ಕಿನಿಂದ ಶಿಕಾಗೋಗೆ, ಶಿಕಾಗೋದಿಂದ ಕ್ಯಾಲಿಫೋರ್ನಿಯಾಕ್ಕೆ ಓಡುತ್ತಿದ್ದ ದೂರಪ್ರಯಾಣದ ರೈಲುಗಳನ್ನು ಆ ಕಂಪನಿ ಕೊಂಡದ್ದೇ ಇಲ್ಲ.

ತಮಾಷೆಯೆಂದರೆ, ಆ ರೈಲುಗಳಿಗೆ ಡೀಸೆಲ್ ಎಂಜಿನ್ ಮಾರುತ್ತಿದ್ದ ಅತಿ ದೊಡ್ಡ ಕಂಪನಿಗಳಲ್ಲಿ ಒಂದು ಇದೇ ಜನರಲ್ ಮೋಟಾರ್ಸ್. 1947ರಲ್ಲಿ “ನಾಳೆಯ ರೈಲು” ಎಂಬ ಹೆಸರಿನಲ್ಲಿ ಗಾಜಿನ ಗುಮ್ಮಟದ ಬೋಗಿಗಳಿದ್ದ ಪ್ರದರ್ಶನ ರೈಲನ್ನು ಅದು ದೇಶದ ಉದ್ದಗಲಕ್ಕೂ ಓಡಿಸಿತ್ತು. ಗಿರಾಕಿಯನ್ನೇ ಮುಳುಗಿಸಿ ಅದಕ್ಕೆ ಲಾಭವೇನೂ ಇರಲಿಲ್ಲ.

ಎಷ್ಟಿತ್ತು, ಎಷ್ಟಾಯಿತು?

ಅಮೆರಿಕದ ರೈಲು ಜಾಲ ಅತಿ ಉದ್ದವಾಗಿದ್ದದ್ದು 1916ರಲ್ಲಿ: ಸುಮಾರು 2,54,000 ಮೈಲಿ, ಅಂದರೆ 4 ಲಕ್ಷ ಕಿಲೋಮೀಟರಿಗೂ ಹೆಚ್ಚು. ಪ್ರಯಾಣವನ್ನು ಲೆಕ್ಕ ಹಾಕಲು ‘ಪ್ರಯಾಣಿಕ-ಮೈಲಿ’ ಎಂಬ ಅಳತೆ ಇದೆ. ಒಬ್ಬ ವ್ಯಕ್ತಿ ಒಂದು ಮೈಲಿ ಹೋದರೆ ಒಂದು ಪ್ರಯಾಣಿಕ-ಮೈಲಿ. ಆ ಲೆಕ್ಕ ಹೀಗಿದೆ:

1920: ಸುಮಾರು 4,700 ಕೋಟಿ
1933: ಸುಮಾರು 1,600 ಕೋಟಿ
1944: ಸುಮಾರು 9,500 ಕೋಟಿ
1950: ಸುಮಾರು 3,200 ಕೋಟಿ
1970: ಸುಮಾರು 1,100 ಕೋಟಿ

ಈ ಪಟ್ಟಿಯನ್ನು ಇನ್ನೊಮ್ಮೆ ನೋಡಿ. ಮೊದಲ ದೊಡ್ಡ ಕುಸಿತ ಆದದ್ದು 1933ರ ಹೊತ್ತಿಗೆ. ಆಗ ದೊಡ್ಡ ಹೆದ್ದಾರಿಗಳೂ ಇರಲಿಲ್ಲ, ಜೆಟ್ ವಿಮಾನಗಳೂ ಇರಲಿಲ್ಲ. ಫೋರ್ಡ್ ಕಂಪನಿಯ ಅಗ್ಗದ ಮಾಡೆಲ್ ಟಿ ಕಾರು ಮನೆಮನೆಗೆ ಬಂದಿತ್ತು. ಹತ್ತಿರದ ಊರುಗಳಿಗೆ ಹೋಗುವವರು ರೈಲು ಬಿಟ್ಟು ಕಾರು ಹತ್ತಿದ್ದರು. ಅದರ ಮೇಲೆ 1929ರ ನಂತರದ ಆರ್ಥಿಕ ಮಹಾಕುಸಿತ.

1944ರ ಆ ದೊಡ್ಡ ಸಂಖ್ಯೆಗೆ ಕಾರಣ ಎರಡನೇ ಮಹಾಯುದ್ಧ. ಪೆಟ್ರೋಲಿಗೂ ಟೈರಿಗೂ ರೇಷನ್ ಇತ್ತು, ಸೈನಿಕರ ಓಡಾಟವೆಲ್ಲ ರೈಲಿನಲ್ಲೇ. ಯುದ್ಧ ಮುಗಿದ ಮೇಲೂ ಜನ ಉಳಿಯುತ್ತಾರೆ ಎಂದು ರೈಲು ಕಂಪನಿಗಳು ನಂಬಿದವು. ಹೊಳೆಯುವ ಸ್ಟೀಲ್ ಬೋಗಿಗಳಿಗೆ ಕೋಟಿಗಟ್ಟಲೆ ಸುರಿದವು. ಶಿಕಾಗೋದಿಂದ ರಾಕಿ ಬೆಟ್ಟಗಳನ್ನು ದಾಟಿ ಸ್ಯಾನ್ ಫ್ರಾನ್ಸಿಸ್ಕೋ ಕಡೆಗೆ ಹೋಗುತ್ತಿದ್ದ ಕ್ಯಾಲಿಫೋರ್ನಿಯಾ ಜೆಫಿರ್ ರೈಲು ಶುರುವಾದದ್ದು 1949ರಲ್ಲಿ. ಗಾಜಿನ ಗುಮ್ಮಟದಡಿ ಕೂತು ಕಣಿವೆ ನೋಡುತ್ತ ಹೋಗುವ ಆ ರೈಲು 1970ರ ಮಾರ್ಚಿನಲ್ಲಿ ನಿಂತಿತು. ಆಯಸ್ಸು 21 ವರ್ಷ.

ಆ ನಡುವೆ ಕಾರುಗಳ ಸಂಖ್ಯೆ 1945ರಲ್ಲಿ ಸುಮಾರು 2.6 ಕೋಟಿ ಇದ್ದದ್ದು ಹತ್ತೇ ವರ್ಷಗಳಲ್ಲಿ 5.2 ಕೋಟಿಗೆ ಏರಿತ್ತು. ಹಾಗಾಗಿ “ಜನ ಕಾರಿನ ಕಡೆ ಹೋದರು” ಎಂಬುದು ಸುಳ್ಳಲ್ಲ. ಅವರು ಹೋದ ದಾರಿಗೆ ಹಣ ಹಾಕಿದವರು ಯಾರು ಎಂಬುದು ಮುಂದಿನ ಪ್ರಶ್ನೆ.

ರಸ್ತೆ ಸರ್ಕಾರದ್ದು, ಹಳಿ ಕಂಪನಿಯದ್ದು

ನಮಗೆ ರೈಲು ಅಂದರೆ ಸರ್ಕಾರಿ ಸಂಸ್ಥೆ. ಅಮೆರಿಕದಲ್ಲಿ ಹಾಗಿರಲಿಲ್ಲ. ಸಾಂಟಾ ಫೆ, ನ್ಯೂಯಾರ್ಕ್ ಸೆಂಟ್ರಲ್, ಪೆನ್ಸಿಲ್ವೇನಿಯಾ, ಸದರ್ನ್ ಪೆಸಿಫಿಕ್, ಬರ್ಲಿಂಗ್ಟನ್ ಎಲ್ಲವೂ ಖಾಸಗಿ ಕಂಪನಿಗಳು. ಹಳಿ, ಸೇತುವೆ, ಸಿಗ್ನಲ್, ನಿಲ್ದಾಣ ಎಲ್ಲವನ್ನೂ ಅವೇ ಕಟ್ಟಬೇಕು, ಅವೇ ರಿಪೇರಿ ಮಾಡಬೇಕು. ಅಷ್ಟೇ ಅಲ್ಲ, ಆ ಆಸ್ತಿಗೆ ತೆರಿಗೆಯನ್ನೂ ಕಟ್ಟಬೇಕು.

ಎದುರಾಳಿಗಳ ಸ್ಥಿತಿ ಬೇರೆ. 1956ರ ಜೂನ್ 29ರಂದು ಅಧ್ಯಕ್ಷ ಐಸೆನ್‌ಹೋವರ್ ಹೆದ್ದಾರಿ ಕಾಯ್ದೆಗೆ ಸಹಿ ಹಾಕಿದರು. 41,000 ಮೈಲಿಗಳ ಅಂತರರಾಜ್ಯ ಹೆದ್ದಾರಿ ಜಾಲ; ಖರ್ಚಿನ ಶೇ 90 ಭಾಗ ಕೇಂದ್ರ ಸರ್ಕಾರದ್ದು. ವಿಮಾನ ನಿಲ್ದಾಣಗಳನ್ನು ಬಹುಪಾಲು ನಗರಾಡಳಿತಗಳೇ ಕಟ್ಟಿದವು, ಆಕಾಶದಲ್ಲಿ ದಾರಿ ತೋರಿಸುವ ವ್ಯವಸ್ಥೆ ಸರ್ಕಾರದ್ದು. ಬಸ್ ಕಂಪನಿ ಬಸ್ ಕೊಂಡರೆ ಸಾಕು, ವಿಮಾನ ಕಂಪನಿ ವಿಮಾನ ಕೊಂಡರೆ ಸಾಕು. ರೈಲು ಕಂಪನಿ ಮಾತ್ರ ದಾರಿಯನ್ನೂ ತಾನೇ ಹೊತ್ತುಕೊಂಡು ಓಡಬೇಕು.

ಇದರ ಜೊತೆಗೆ ಟಿಕೆಟ್ ಮೇಲಿನ ತೆರಿಗೆ. ಯುದ್ಧದ ಸಮಯದಲ್ಲಿ ಅನಗತ್ಯ ಪ್ರಯಾಣ ತಗ್ಗಿಸಲೆಂದು, ಖಜಾನೆಗೂ ಆಗಲೆಂದು ಪ್ರಯಾಣ ದರದ ಮೇಲೆ ಹಾಕಿದ ತೆರಿಗೆ ಶೇ 15ರವರೆಗೆ ಏರಿತ್ತು. ಯುದ್ಧ ಮುಗಿದ ಮೇಲೆ ಅದು ಹೋಗಲಿಲ್ಲ. 1954ರಲ್ಲಿ ಶೇ 10ಕ್ಕೆ ಇಳಿಯಿತು. ರೈಲಿಗೆ ಪೂರ್ತಿ ರದ್ದಾದದ್ದು 1962ರಲ್ಲಿ. ಸ್ವಂತ ಕಾರಿನಲ್ಲಿ ಹೋಗುವವರಿಗೆ ಟಿಕೆಟ್ಟೇ ಇಲ್ಲ, ಹಾಗಾಗಿ ಈ ತೆರಿಗೆಯೂ ಇಲ್ಲ.

ಇಲ್ಲಿ ಇನ್ನೊಂದು ಮಗ್ಗುಲನ್ನೂ ಹೇಳಬೇಕು. ಕಾರು ಓಡಿಸುವವರು ಪೆಟ್ರೋಲಿನ ಮೇಲೆ ತೆರಿಗೆ ಕಟ್ಟುತ್ತಿದ್ದರು, ಹೊಸ ಹೆದ್ದಾರಿಗಳಿಗೆ ಆ ಹಣವೇ ಮುಖ್ಯ ಮೂಲವಾಗಿತ್ತು. 19ನೇ ಶತಮಾನದಲ್ಲಿ ರೈಲು ಕಂಪನಿಗಳಿಗೂ ಸರ್ಕಾರ ಸುಮಾರು 13 ಕೋಟಿ ಎಕರೆ ಜಮೀನು ಕೊಟ್ಟಿತ್ತು. ಅಂದರೆ ರೈಲಿಗೆ ಎಂದೂ ಸಹಾಯ ಸಿಗಲಿಲ್ಲ ಎಂದರೆ ತಪ್ಪಾಗುತ್ತದೆ. ಆದರೆ 1950ರ ದಶಕದಲ್ಲಿ, ಪೈಪೋಟಿ ಜೋರಾಗಿದ್ದ ಹೊತ್ತಿನಲ್ಲಿ, ಸರ್ಕಾರದ ಬಲ ಯಾವ ಕಡೆ ಇತ್ತು ಎಂಬುದರಲ್ಲಿ ಅನುಮಾನವಿಲ್ಲ.

ವೇಗಕ್ಕೆ ಬಿದ್ದ ಕಡಿವಾಣ

1934ರ ಮೇ 26ರಂದು ಬರ್ಲಿಂಗ್ಟನ್ ಜೆಫಿರ್ ಎಂಬ ರೈಲು ಡೆನ್ವರಿನಿಂದ ಶಿಕಾಗೋವರೆಗಿನ 1,015 ಮೈಲಿಗಳನ್ನು 13 ಗಂಟೆ 5 ನಿಮಿಷಗಳಲ್ಲಿ ಮುಗಿಸಿತು. ಸರಾಸರಿ ವೇಗ ಗಂಟೆಗೆ ಸುಮಾರು 125 ಕಿಲೋಮೀಟರ್. 1938ರಲ್ಲಿ ಟ್ವೆಂಟಿಯತ್ ಸೆಂಚುರಿ ಲಿಮಿಟೆಡ್ ರೈಲು ನ್ಯೂಯಾರ್ಕಿನಿಂದ ಶಿಕಾಗೋವನ್ನು 16 ಗಂಟೆಗಳಲ್ಲಿ ತಲುಪುತ್ತಿತ್ತು. ಸಂಜೆ ಹತ್ತಿ, ಊಟ ಮಾಡಿ ಮಲಗಿದರೆ ಬೆಳಗ್ಗೆ ಶಿಕಾಗೋ.

1946ರ ಏಪ್ರಿಲ್ 25ರಂದು ಶಿಕಾಗೋ ಬಳಿಯ ನೇಪರ್‌ವಿಲ್‌ನಲ್ಲಿ ನಿಂತಿದ್ದ ರೈಲಿಗೆ ಹಿಂದಿನಿಂದ ವೇಗವಾಗಿ ಬಂದ ಇನ್ನೊಂದು ರೈಲು ಗುದ್ದಿ 45 ಜನ ಸತ್ತರು. ರೈಲುಗಳ ಮೇಲೆ ಅಧಿಕಾರವಿದ್ದ ಅಂತರರಾಜ್ಯ ವಾಣಿಜ್ಯ ಆಯೋಗ ಮರುವರ್ಷ ಒಂದು ಆದೇಶ ಹೊರಡಿಸಿತು. ರೈಲನ್ನು ತಾನಾಗಿ ನಿಲ್ಲಿಸುವ ಅಥವಾ ಎಂಜಿನ್ನಿನೊಳಗೇ ಸಿಗ್ನಲ್ ತೋರಿಸುವ ಸಾಧನ ಇಲ್ಲದ ಹಳಿಗಳ ಮೇಲೆ ವೇಗ ಗಂಟೆಗೆ 80 ಮೈಲಿಯ ಒಳಗಿರಬೇಕು. ನಿಯಮ ಜೀವ ಉಳಿಸುವುದಕ್ಕೇ ಬಂದದ್ದು, ಅದರಲ್ಲಿ ತಪ್ಪು ಹುಡುಕುವಂತಿಲ್ಲ. ಆದರೆ ಆ ಸಾಧನಗಳಿಗೆ ಹಣ ಬೇಕು. ಕರಗುತ್ತಿರುವ ವ್ಯವಹಾರಕ್ಕೆ ಹಣ ಸುರಿಯಲು ಹೆಚ್ಚಿನ ಕಂಪನಿಗಳು ಮನಸ್ಸು ಮಾಡಲಿಲ್ಲ. ವೇಗ ಗಂಟೆಗೆ 79 ಮೈಲಿಗೆ, ಅಂದರೆ 127 ಕಿಲೋಮೀಟರಿಗೆ ನಿಂತುಬಿಟ್ಟಿತು.

1959ರ ಜನವರಿಯಲ್ಲಿ ಬೋಯಿಂಗ್ 707 ಜೆಟ್ ವಿಮಾನ ನ್ಯೂಯಾರ್ಕ್ ಮತ್ತು ಲಾಸ್ ಏಂಜಲೀಸ್ ನಡುವೆ ಹಾರಾಟ ಶುರುಮಾಡಿತು. ರೈಲಿನಲ್ಲಿ ಎರಡು ಮೂರು ದಿನ ಹಿಡಿಯುತ್ತಿದ್ದ ದೂರ ಒಂದು ಹಗಲಿನ ಕೆಲಸವಾಯಿತು. ಖಂಡದ ಆ ತುದಿಯಿಂದ ಈ ತುದಿಗೆ ಹೋಗುವ ವ್ಯಾಪಾರಸ್ಥರನ್ನು ರೈಲು ಯಾವ ಲೆಕ್ಕದಲ್ಲೂ ಉಳಿಸಿಕೊಳ್ಳಲು ಸಾಧ್ಯವಿರಲಿಲ್ಲ.

ನಷ್ಟದ ಲೆಕ್ಕ

1957ರಲ್ಲಿ ಪ್ರಯಾಣಿಕ ರೈಲುಗಳಿಂದ ಆದ ನಷ್ಟ ಸುಮಾರು 72 ಕೋಟಿ ಡಾಲರ್ ಎಂದು ಆಯೋಗದ ಸೂತ್ರ ಹೇಳಿತು. ಈ ಅಂಕಿ ಆಗಲೂ ಜಗಳಕ್ಕೆ ಕಾರಣವಾಗಿತ್ತು. ಒಂದೇ ಹಳಿಯ ಮೇಲೆ ಗೂಡ್ಸ್ ರೈಲೂ ಓಡುತ್ತದೆ, ಪ್ರಯಾಣಿಕರ ರೈಲೂ ಓಡುತ್ತದೆ. ಹಳಿಯ ಖರ್ಚಿನಲ್ಲಿ ಎಷ್ಟನ್ನು ಪ್ರಯಾಣಿಕರ ತಲೆಗೆ ಕಟ್ಟಬೇಕು? ಸೂತ್ರ ಬದಲಾಯಿಸಿದರೆ ನಷ್ಟವೂ ಬದಲಾಗುತ್ತದೆ. ಹಾಗೆಂದು ನಷ್ಟವೇ ಇರಲಿಲ್ಲ ಎನ್ನಲಾಗದು. ಎಷ್ಟು ಎಂಬುದರಲ್ಲಿ ಭಿನ್ನಾಭಿಪ್ರಾಯವಿತ್ತು.

ಖರ್ಚು ಏರಿಸಿದ ಇನ್ನೊಂದು ಸಂಗತಿ ಹಳೆಯ ಕೂಲಿ ನಿಯಮ. ಉಗಿಬಂಡಿ ನಿಧಾನವಾಗಿ ಓಡುತ್ತಿದ್ದ ಕಾಲದಲ್ಲಿ ಎಂಜಿನ್ ಸಿಬ್ಬಂದಿಗೆ 100 ಮೈಲಿ ಓಡಿಸಿದರೆ ಒಂದು ದಿನದ ಕೂಲಿ ಎಂದು ಗೊತ್ತುಮಾಡಲಾಗಿತ್ತು. ಡೀಸೆಲ್ ರೈಲು ಅಷ್ಟು ದೂರವನ್ನು ಎರಡು ಗಂಟೆಯೊಳಗೆ ಮುಗಿಸತೊಡಗಿದ ಮೇಲೂ ಆ ನಿಯಮ ಉಳಿಯಿತು.

1958ರಲ್ಲಿ ಆಯೋಗದ ಅಧಿಕಾರಿ ಹೊವಾರ್ಡ್ ಹಾಸ್ಮರ್ ವರದಿ ಕೊಟ್ಟರು. ಇದೇ ದಾರಿಯಲ್ಲಿ ಸಾಗಿದರೆ 1970ರ ಹೊತ್ತಿಗೆ ದೂರಪ್ರಯಾಣದ ಬೋಗಿಗಳು ಕುದುರೆ ಸಾರೋಟಿನಂತೆ ವಸ್ತುಸಂಗ್ರಹಾಲಯ ಸೇರುತ್ತವೆ ಎಂಬುದು ಅದರ ಸಾರ. ಅದೇ ವರ್ಷ ಬಂದ ಹೊಸ ಕಾಯ್ದೆ ರೈಲು ನಿಲ್ಲಿಸುವುದನ್ನು ಸುಲಭ ಮಾಡಿತು. ಅಲ್ಲಿಯವರೆಗೆ ಪ್ರತಿ ರಾಜ್ಯದ ಒಪ್ಪಿಗೆಗೆ ಅಲೆಯಬೇಕಿತ್ತು. ಇನ್ನು ಮುಂದೆ ರಾಜ್ಯದ ಗಡಿ ದಾಟುವ ರೈಲಾದರೆ 30 ದಿನಗಳ ನೋಟಿಸ್ ಕೊಟ್ಟರೆ ಸಾಕು; ಆಯೋಗ ಅಡ್ಡ ಬರದಿದ್ದರೆ ರೈಲು ನಿಂತಂತೆಯೇ.

ಅಂಚೆ ಚೀಲ ಇಳಿದ ಮೇಲೆ

ಫಾರ್ವರ್ಡ್ ಸಂದೇಶಗಳಲ್ಲಿ ಎಲ್ಲೂ ಕಾಣದ, ಆದರೆ ಅತಿ ಮುಖ್ಯವಾದ ಕಾರಣ ಇದು. ನಮ್ಮ ನಿಲ್ದಾಣಗಳಲ್ಲಿ ಆರ್‌ಎಂಎಸ್ ಎಂಬ ಫಲಕ ನೋಡಿರುತ್ತೀರಿ: ರೈಲಿನಲ್ಲಿ ಅಂಚೆ ಸಾಗಿಸುವ, ವಿಂಗಡಿಸುವ ವ್ಯವಸ್ಥೆ. ಅಮೆರಿಕದಲ್ಲೂ ಇಂಥದೇ ಇತ್ತು. ರೈಲಿನ ಒಂದು ಬೋಗಿಯೇ ಓಡುವ ಅಂಚೆ ಕಚೇರಿ. ಸಿಬ್ಬಂದಿ ದಾರಿಯುದ್ದಕ್ಕೂ ಕಾಗದ ವಿಂಗಡಿಸುತ್ತಿದ್ದರು. ಅದಕ್ಕೆ ಅಂಚೆ ಇಲಾಖೆ ಕೊಡುತ್ತಿದ್ದ ಹಣವೇ ಎಷ್ಟೋ ರೈಲುಗಳನ್ನು ಎತ್ತಿ ಹಿಡಿದಿತ್ತು. ಸೀಟು ಅರ್ಧ ಖಾಲಿಯಿದ್ದರೂ ಅಂಚೆ ಚೀಲ ತುಂಬಿದ್ದರೆ ರೈಲು ಓಡುತ್ತಿತ್ತು.

1967ರ ಸೆಪ್ಟೆಂಬರಿನಲ್ಲಿ ಅಂಚೆ ಇಲಾಖೆ ಈ ಓಡುವ ಕಚೇರಿಗಳಲ್ಲಿ ಬಹುಪಾಲನ್ನು ಕೈಬಿಟ್ಟಿತು. ಕಾಗದಗಳು ಲಾರಿಗೂ ವಿಮಾನಕ್ಕೂ ಹೋದವು. ಪ್ರಯಾಣಿಕರನ್ನು ಚೆನ್ನಾಗಿ ನೋಡಿಕೊಳ್ಳುತ್ತದೆ ಎಂದು ಹೆಸರಾಗಿದ್ದ ಸಾಂಟಾ ಫೆ ಕಂಪನಿ ಕೂಡ ತನ್ನ ಹೆಚ್ಚಿನ ರೈಲುಗಳನ್ನು ನಿಲ್ಲಿಸಲು ಅನುಮತಿ ಕೇಳಿತು. ಅದರ ಪ್ರಸಿದ್ಧ ‘ಚೀಫ್’ ರೈಲು 1968ರ ಮೇ ತಿಂಗಳಲ್ಲಿ ನಿಂತಿತು. ಟ್ವೆಂಟಿಯತ್ ಸೆಂಚುರಿ ಲಿಮಿಟೆಡ್ ಅದಕ್ಕೂ ಮೊದಲೇ, 1967ರ ಡಿಸೆಂಬರ್ 2ರಂದು, ನ್ಯೂಯಾರ್ಕಿನಿಂದ ಕೊನೆಯ ಸಲ ಹೊರಟಿತು. ದಾರಿಯಲ್ಲಿ ಗೂಡ್ಸ್ ರೈಲೊಂದು ಹಳಿ ತಪ್ಪಿದ್ದರಿಂದ ಶಿಕಾಗೋ ತಲುಪಿದ್ದು 9 ಗಂಟೆ 50 ನಿಮಿಷ ತಡವಾಗಿ.

ಜನ ಬಿಟ್ಟರೇ, ಜನರನ್ನು ಬಿಡಿಸಿದರೇ?

ರೈಲು ಒಂದೇ ದಿನ ನಿಲ್ಲುವುದಿಲ್ಲ. ಮೊದಲು ಸ್ಲೀಪರ್ ಬೋಗಿ ಹೋಗುತ್ತದೆ. ಆಮೇಲೆ ಊಟದ ಬೋಗಿ. ಬೋಗಿ ತೊಳೆಯುವುದು ಕಡಿಮೆಯಾಗುತ್ತದೆ, ಸಮಯ ತಪ್ಪುತ್ತದೆ. ಜನ ಕಡಿಮೆಯಾಗುತ್ತಾರೆ. ಜನ ಕಡಿಮೆಯಾದರೆಂದು ಇನ್ನೊಂದು ಬೋಗಿ ತೆಗೆಯುತ್ತಾರೆ. ಕೊನೆಗೆ “ನೋಡಿ, ಯಾರೂ ಹತ್ತುವುದಿಲ್ಲ” ಎಂದು ಅರ್ಜಿ ಹಾಕುತ್ತಾರೆ.

ಸದರ್ನ್ ಪೆಸಿಫಿಕ್ ಕಂಪನಿ 1960ರ ದಶಕದಲ್ಲಿ ಊಟದ ಬೋಗಿ ತೆಗೆದು ಕಾಸು ಹಾಕಿದರೆ ತಿಂಡಿ ಉದುರಿಸುವ ಯಂತ್ರಗಳ ಬೋಗಿ ಜೋಡಿಸಿತು. ಎರಡು ಹಗಲು ಎರಡು ರಾತ್ರಿಯ ಪ್ರಯಾಣಕ್ಕೆ ಯಂತ್ರದ ಸ್ಯಾಂಡ್‌ವಿಚ್! ಕಂಪನಿಗಳು ಬೇಕೆಂದೇ ಪ್ರಯಾಣಿಕರನ್ನು ಓಡಿಸುತ್ತಿವೆ ಎಂಬ ಆರೋಪ ಆಗಲೇ ಕೇಳಿಬಂದಿತ್ತು. ಎಲ್ಲರೂ ಹಾಗೆ ಮಾಡಲಿಲ್ಲ. ಶಿಕಾಗೋ ಮತ್ತು ಲಾಸ್ ಏಂಜಲೀಸ್ ನಡುವಿನ ‘ಸೂಪರ್ ಚೀಫ್’ ರೈಲನ್ನು ಸಾಂಟಾ ಫೆ ಕೊನೆಯ ದಿನದವರೆಗೂ ಅಚ್ಚುಕಟ್ಟಾಗಿ ನಡೆಸಿತು.

ಇದರಲ್ಲಿ ಕಳೆದುಕೊಂಡವರು ಯಾರು? ಕಾರು ಕೊಳ್ಳಲಾಗದವರು, ಓಡಿಸಲಾಗದ ವೃದ್ಧರು, ವಿಮಾನ ಇಳಿಯದ ಸಣ್ಣ ಊರಿನವರು. ಇನ್ನೊಂದು ಗುಂಪೂ ಇದೆ. ಪುಲ್‌ಮನ್ ಕಂಪನಿಯ ಸ್ಲೀಪರ್ ಬೋಗಿಗಳಲ್ಲಿ ಹಾಸಿಗೆ ಹಾಸಿ, ಸಾಮಾನು ಹೊತ್ತು ದುಡಿದ ಪೋರ್ಟರುಗಳಲ್ಲಿ ಹೆಚ್ಚಿನವರು ಕಪ್ಪು ಜನಾಂಗದವರು. ಎ. ಫಿಲಿಪ್ ರ‍್ಯಾಂಡಾಲ್ಫ್ ನೇತೃತ್ವದಲ್ಲಿ 1925ರಲ್ಲಿ ಅವರು ಕಟ್ಟಿದ ಕಾರ್ಮಿಕ ಸಂಘ ಮುಂದೆ ನಾಗರಿಕ ಹಕ್ಕುಗಳ ಹೋರಾಟಕ್ಕೂ ಬಲ ಕೊಟ್ಟಿತು. 1968ರ ಕೊನೆಯ ದಿನ ಪುಲ್‌ಮನ್ ತನ್ನ ಸ್ಲೀಪರ್ ಸೇವೆ ಮುಚ್ಚಿತು.

ಅರ್ಧ ರೈಲುಗಳು ಒಂದೇ ದಿನ ನಿಂತವು

1970ರ ಜೂನ್ 21ರಂದು ಪೆನ್ ಸೆಂಟ್ರಲ್ ಎಂಬ ದೈತ್ಯ ರೈಲು ಕಂಪನಿ ದಿವಾಳಿಯೆದ್ದಿತು. ಅಮೆರಿಕದಲ್ಲಿ ಅಲ್ಲಿಯವರೆಗೆ ಕಂಡ ಅತಿ ದೊಡ್ಡ ದಿವಾಳಿ ಅದು. ಅದೇ ಅಕ್ಟೋಬರ್ 30ರಂದು ಅಧ್ಯಕ್ಷ ನಿಕ್ಸನ್ ಸಹಿ ಹಾಕಿದ ಕಾಯ್ದೆಯಿಂದ ಸರ್ಕಾರದ ಹಣದಲ್ಲಿ ನಡೆಯುವ ಆಮ್‌ಟ್ರ್ಯಾಕ್ ಹುಟ್ಟಿತು. 1971ರ ಮೇ 1ರಂದು ಅದು 184 ರೈಲುಗಳೊಂದಿಗೆ ಕೆಲಸ ಶುರುಮಾಡಿತು. ಹಿಂದಿನ ದಿನದವರೆಗೆ ಓಡುತ್ತಿದ್ದ ರೈಲುಗಳಲ್ಲಿ ಸುಮಾರು ಅರ್ಧದಷ್ಟು ಮರುದಿನ ಹೊರಡಲಿಲ್ಲ. 1929ರಲ್ಲಿ ದಿನಕ್ಕೆ ಸುಮಾರು 20,000 ಪ್ರಯಾಣಿಕ ರೈಲುಗಳಿದ್ದ ದೇಶ ಅದು.

ಹಾಗಾದರೆ ಜನರಿಗೆ ರೈಲು ಬೇಡವೇ ಆಗಿತ್ತೇ? 1969ರ ಜನವರಿಯಲ್ಲಿ ನ್ಯೂಯಾರ್ಕ್ ಮತ್ತು ವಾಷಿಂಗ್ಟನ್ ನಡುವೆ ಸರ್ಕಾರದ ನೆರವಿನಿಂದ ಮೆಟ್ರೋಲೈನರ್ ಎಂಬ ವೇಗದ ರೈಲು ಬಿಟ್ಟಾಗ ಜನ ಮತ್ತೆ ಹತ್ತಿದರು. ಇವತ್ತಿಗೂ ಆಮ್‌ಟ್ರ್ಯಾಕ್ ಹೆಚ್ಚು ಜನರನ್ನು ಸಾಗಿಸುವುದು ಅದೇ ಪ್ರದೇಶದಲ್ಲಿ. 2024ರ ಆರ್ಥಿಕ ವರ್ಷದಲ್ಲಿ ಅದರ ಒಟ್ಟು ಪ್ರಯಾಣಿಕರು ಸುಮಾರು 3.28 ಕೋಟಿ. ಇನ್ನು ಗೂಡ್ಸ್ ರೈಲುಗಳ ವಿಷಯದಲ್ಲಿ ಅಮೆರಿಕ ಈಗಲೂ ಜಗತ್ತಿನ ದೊಡ್ಡ ದೇಶಗಳಲ್ಲಿ ಒಂದು. “ಹಳಿ ಕಿತ್ತು ಹಾಕಿದರು” ಎಂಬ ಮಾತು ಅಲ್ಲಿಗೂ ಪೂರ್ತಿ ಹೊಂದುವುದಿಲ್ಲ. ಎಷ್ಟೋ ಮಾರ್ಗಗಳಲ್ಲಿ ಹಳಿ ಹಾಗೇ ಇದೆ, ಮೇಲೆ ಸರಕು ಓಡುತ್ತಿದೆ, ಪ್ರಯಾಣಿಕರಿಗೆ ಮಾತ್ರ ರೈಲಿಲ್ಲ.

ಆ ಸಂದೇಶ ಮತ್ತೆ ಬಂದರೆ

ನ್ಯೂಜೆರ್ಸಿಯಲ್ಲೋ ಕ್ಯಾಲಿಫೋರ್ನಿಯಾದಲ್ಲೋ ಇರುವ ಮಕ್ಕಳ ಮನೆಗೆ ಹೋಗಿ ಬಂದವರು “ಅಲ್ಲಿ ಕಾರಿಲ್ಲದಿದ್ದರೆ ಕೈಕಾಲು ಕಟ್ಟಿದ ಹಾಗೆ” ಎಂದು ಹೇಳುವುದನ್ನು ಕೇಳಿರುತ್ತೀರಿ. ಬಹಳಷ್ಟು ಊರುಗಳಲ್ಲಿ ಅದು ನಿಜ. ಆ ಅನುಭವ ನಿಜವಾದ್ದರಿಂದಲೇ ಪಿತೂರಿಯ ಸಂದೇಶವೂ ನಿಜ ಅನಿಸಿಬಿಡುತ್ತದೆ. ಈ ಸಲ ಬಂದಾಗ ಕೆಳಗಿನ ಸಾಲುಗಳನ್ನು ಉತ್ತರವಾಗಿ ಹಾಕಬಹುದು:

1. ಕಾರು, ಟೈರ್, ತೈಲ ಕಂಪನಿಗಳ ಮೇಲೆ 1949ರಲ್ಲಿ ತೀರ್ಪು ಬಂದದ್ದು ನಿಜ. ಅದು ನಗರದ ಟ್ರಾಮ್, ಬಸ್ ಸಂಸ್ಥೆಗಳಿಗೆ ಸಂಬಂಧಿಸಿದ್ದು, ದೂರಪ್ರಯಾಣದ ರೈಲುಗಳಿಗಲ್ಲ.

2. ಜನ ಕಾರು, ವಿಮಾನಗಳ ಕಡೆ ಹೋದದ್ದೂ ನಿಜ. ಆದರೆ ಹೆದ್ದಾರಿ, ವಿಮಾನ ನಿಲ್ದಾಣಗಳಿಗೆ ಸರ್ಕಾರ ನಿಂತಿತು. ಹಳಿಯ ಭಾರವನ್ನು ಖಾಸಗಿ ರೈಲು ಕಂಪನಿಗಳೇ ಹೊತ್ತವು.

3. ಕೊನೆಯ ಪೆಟ್ಟುಗಳಲ್ಲಿ ಒಂದು 1967ರಲ್ಲಿ ಅಂಚೆಯ ಆದಾಯ ಹೋದದ್ದು. ಸೇವೆ ಕೆಟ್ಟಂತೆ ಜನ ಬಿಟ್ಟರು, ಜನ ಬಿಟ್ಟಂತೆ ಸೇವೆ ಇನ್ನಷ್ಟು ಕೆಟ್ಟಿತು.

ನಮ್ಮೂರಿನ ಯಾವುದಾದರೂ ಪ್ಯಾಸೆಂಜರ್ ರೈಲೋ ಹಳ್ಳಿಯ ಬಸ್ಸೋ “ಜನರೇ ಹತ್ತುವುದಿಲ್ಲ” ಎಂಬ ಕಾರಣಕ್ಕೆ ನಿಂತಿತು ಎಂಬ ಸುದ್ದಿ ಬಂದಾಗಲೂ ಇದೇ ಪ್ರಶ್ನೆ ಕೇಳಬಹುದು. ಅದು ನಿಲ್ಲುವ ಮೊದಲು ಎಷ್ಟು ಹೊತ್ತಿಗೆ ಬರುತ್ತಿತ್ತು, ದಿನಕ್ಕೆ ಎಷ್ಟು ಸಲ ಬರುತ್ತಿತ್ತು, ಅದನ್ನು ನಂಬಿಕೊಂಡು ಮನೆಯಿಂದ ಹೊರಡುವ ಹಾಗಿತ್ತೇ?